ಹೊಡೆದದ್ದು ಟ್ಯೂಬ್ ಅಲ್ಲ: ತೋಟದ ಆಫೀಸಿನ ಒಂದು ಹಳೇ ಮಾನಿಟರಿನ ಪ್ರಕರಣ

ಜುಲೈ ತಿಂಗಳ ಒಂದು ಗುರುವಾರ. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಚಿಕ್ಕಮಗಳೂರಿನ ಐಜಿ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ರಿಪೇರಿ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮಲ್ಲಂದೂರು ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಪಿಕಪ್‌ನಿಂದ ಏನನ್ನೋ ಇಳಿಸುತ್ತಿದ್ದರು. ಒಳಗೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಗೋಣಿಚೀಲ, ಅದಕ್ಕೆ ಹಗ್ಗ. ಬಿಚ್ಚಿದರೆ 15 ಇಂಚಿನ ಕಲರ್ ಮಾನಿಟರ್. ಹಿಂದೆ ಹೊಟ್ಟೆ ಉಬ್ಬಿದ ಹಳೇ ಪಿಕ್ಚರ್ ಟ್ಯೂಬಿನದು.

“ಶನಿವಾರ ಬಟವಾಡೆ ಇದೆ. ಹೇಗಾದರೂ ಮಾಡಿ ಎಬ್ಬಿಸಿ ಕೊಡಿ” ಎಂದರು.

ಆ ತೋಟದಲ್ಲಿ ಆಳುಗಳ ಹಾಜರಿ, ಕೂಲಿ, ಮುಂಗಡದ ಲೆಕ್ಕ ಎಲ್ಲ ಇವತ್ತಿಗೂ ವಿಂಡೋಸ್‌ಗಿಂತ ಹಿಂದಿನ ಕಾಲದ ಒಂದು ಡಾಸ್ ಪ್ರೋಗ್ರಾಮಿನಲ್ಲೇ ನಡೆಯುತ್ತದೆ. ಒಂದು ಎಲ್‌ಸಿಡಿ ಕೊಡುತ್ತೇನೆ, ಅದೇ ಕೇಬಲ್ಲು ಸಾಕು ಎಂದೆ. “ಅದರಲ್ಲಿ ಅಕ್ಷರ ಕಲಸಿದ ಹಾಗೆ ಕಾಣುತ್ತೆ ಮಾರಾಯ್ರೆ, ನಂಗೆ ಇದೇ ಸರಿ” ಎಂದು ಕೈಯಾಡಿಸಿಬಿಟ್ಟರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಡಾಸ್ ಅಕ್ಷರಗಳನ್ನು ಎಲ್‌ಸಿಡಿ ತನ್ನ ಅಳತೆಗೆ ಹಿಗ್ಗಿಸಿದಾಗ ಅಂಚು ಮಸುಕಾಗುತ್ತದೆ.

ಮಾನಿಟರ್ ಸತ್ತು ಐದು ದಿನ ಆಗಿತ್ತು. ರಾತ್ರಿ ಕರೆಂಟು ಹೋಗಿ ಬಂದು ಮಾಡುತ್ತಿತ್ತಂತೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮುಂದಿನ ದೀಪವೂ ಇಲ್ಲ. ಅದಕ್ಕೂ ಮುಂಚೆ ಒಂದು ವಾರದಿಂದ ಹಿಂದುಗಡೆ ‘ಸ್‌ಸ್’ ಅಂತ ಸದ್ದು ಬರುತ್ತಿತ್ತು ಎಂದೂ ರೈಟರ್ ಹೇಳಿದರು. ಈ ಎರಡನೇ ಮಾತಿಗೆ ಆಮೇಲೆ ಬರುತ್ತೇನೆ.

ಅಂಗಡಿಯಲ್ಲಿ ನನ್ನ ಜೊತೆ ಅಕ್ಕನ ಮಗ ಇದ್ದ. ಐಟಿಐ ಮುಗಿಸಿದ್ದಾನೆ. ಮೊಬೈಲ್ ಬೋರ್ಡಿನಲ್ಲಿ ಅವನ ಕೈ ನನಗಿಂತ ಚೆನ್ನಾಗಿ ಓಡುತ್ತದೆ. ಆದರೆ ಪಿಕ್ಚರ್ ಟ್ಯೂಬ್ ಬಿಚ್ಚಿ ಗೊತ್ತಿಲ್ಲ, ಅವನ ಕಾಲಕ್ಕೆ ಅದೆಲ್ಲ ಗುಜರಿಗೆ ಹೋಗಿಯಾಗಿತ್ತು. ಒಂದು ಸಲ ತೋರಿಸಿಕೊಡೋಣ ಎಂದು ಅವನನ್ನೇ ಬೆಂಚಿಗೆ ಕೂರಿಸಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು. ಅವನದಲ್ಲ, ನನ್ನದು.

ಮೊದಲು ಪ್ಲಗ್ ಹಾಕಿ ನೋಡಿದೆವು. ದೀಪ ಇಲ್ಲ, ಸದ್ದಿಲ್ಲ, ಏನೂ ಇಲ್ಲ. ಪ್ಲಗ್ ಕಿತ್ತು ಬೆಂಚಿನಿಂದ ಆಚೆ ಎಸೆದೆ. ಆಗ ಗಂಟೆ ಹತ್ತೂ ಮುಕ್ಕಾಲು. ಗಂಟೆ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದಿನ ಲೆಕ್ಕಕ್ಕೆ ಅದು ಬೇಕು.

ಟ್ಯೂಬಿನ ಚಾರ್ಜ್ ತೆಗೆದದ್ದು

ಪರದೆ ಕೆಳಗೆ ಮಾಡಿ, ಮಡಚಿದ ಕಂಬಳಿಯ ಮೇಲೆ ಮಲಗಿಸಿದೆವು. ಹಿಂದಿನ ಕವರ್ ತೆಗೆದ ಮೇಲೆ ಹುಡುಗನಿಗೆ ಒಂದೊಂದೇ ತೋರಿಸಿದೆ. ಟ್ಯೂಬಿನ ಪಕ್ಕಕ್ಕೆ ಹೀರಿಕೊಂಡ ಹಾಗೆ ಕೂತಿರುವ ರಬ್ಬರ್ ಬಟ್ಟಲು ಇಎಚ್‌ಟಿ ಕ್ಯಾಪು, ಇಎಚ್‌ಟಿ ಎಂದರೆ ಅತಿ ಹೆಚ್ಚಿನ ವೋಲ್ಟೇಜು. ಅದಕ್ಕೆ ಬರುವ ದಪ್ಪ ಕೆಂಪು ವೈರು ಇಎಚ್‌ಟಿ ಟ್ರಾನ್ಸ್‌ಫಾರ್ಮರಿನಿಂದ ಬರುತ್ತದೆ. ಇಂಥ ಕಲರ್ ಮಾನಿಟರ್ ಓಡುವಾಗ ಆ ವೈರಿನಲ್ಲಿ ಸುಮಾರು 24 ಸಾವಿರ ವೋಲ್ಟ್ ಇರುತ್ತದೆ.

“ಪ್ಲಗ್ ತೆಗೆದ ಮೇಲೂ ಇರುತ್ತಾ ಮಾವ?”

ಇರುತ್ತದೆ. ಟ್ಯೂಬೇ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಸಾಮಾನು. ಗಾಜಿನ ಒಳಮೈಗೆ ಗ್ರಾಫೈಟಿನ ಲೇಪ, ಹೊರಮೈಗೂ ಕಪ್ಪು ಗ್ರಾಫೈಟಿನ ಲೇಪ, ನಡುವೆ ಗಾಜು. ಒಳಗಿನ ಲೇಪಕ್ಕೆ 24 ಸಾವಿರ ವೋಲ್ಟ್, ಹೊರಗಿನದು ಅರ್ಥ್. ಕೆಲವು ಸೆಟ್‌ಗಳಲ್ಲಿ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನ ಒಳಗೇ ಚಾರ್ಜ್ ಇಳಿಸುವ ರೆಸಿಸ್ಟರ್ ಇರುತ್ತದೆ, ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಕೆಲವದರಲ್ಲಿ ಇರಲ್ಲ. ಹೊರಗಿನಿಂದ ನೋಡಿ ಹೇಳೋಕೆ ಬರಲ್ಲ. ಹಾಗಾಗಿ ಪ್ರತಿ ಸೆಟ್ಟಿನಲ್ಲೂ ಚಾರ್ಜ್ ಇದೆ ಅಂತಲೇ ಕೈ ಹಾಕಬೇಕು.

ನನ್ನ ಹತ್ತಿರ ಇದಕ್ಕೇ ಅಂತ ಮಾಡಿಟ್ಟ ಒಂದು ಕಡ್ಡಿ ಇದೆ. ಒಂದಡಿ ಉದ್ದದ, ಚಪ್ಪಟೆ ಮೂತಿಯ, ದಪ್ಪ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್. ಅದರ ಕಬ್ಬಿಣಕ್ಕೆ ಒಂದು ವೈರ್, ಆ ವೈರಿಗೆ ಸಾಲಾಗಿ ಮೂರು ಹೈ ವೋಲ್ಟೇಜ್ ರೆಸಿಸ್ಟರ್. ಒಂದೊಂದೂ 1 ಮೆಗಾ ಓಮ್, 10 ಸಾವಿರ ವೋಲ್ಟ್ ತಡೆಯುವಂಥದ್ದು. ಕೊನೆಯಲ್ಲಿ ಕ್ರೊಕಡೈಲ್ ಕ್ಲಿಪ್. ರೇಡಿಯೋ ಅಂಗಡಿಯಲ್ಲಿ ಸಿಗುವ ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಇಲ್ಲಿ ನಡೆಯಲ್ಲ, ಕಿಡಿ ಅದರ ಮೈಮೇಲೇ ಹಾರಿಬಿಡುತ್ತದೆ. ರೆಸಿಸ್ಟರ್ ಇಲ್ಲದೆ ಬರೀ ವೈರಿನಲ್ಲೂ ಇಳಿಸುತ್ತಾರೆ, ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತದೆ. ಆ ಕ್ಷಣಕ್ಕೆ ಭಾರಿ ಕರೆಂಟು ಹರಿಯುತ್ತದೆ, ಅಷ್ಟು ಹರಿಸಬೇಕಾದ ಅಗತ್ಯವೇ ಇಲ್ಲ.

ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರನ್ನು ಈ ಕೆಲಸಕ್ಕೆ ಯಾರಾದರೂ ಎತ್ತಿಕೊಂಡರೆ ಕೈಯಿಂದ ಕಿತ್ತುಕೊಳ್ಳಿ. ಅದರ ಹಿಡಿಯ ತುದಿಯಲ್ಲಿ ಬೆರಳಿಡೋಕೆ ಅಂತಲೇ ಲೋಹ ಇದೆ. 230 ವೋಲ್ಟ್ ನೋಡೋಕೆ ಮಾಡಿದ ಸಾಮಾನು ಅದು. ಮಲ್ಟಿಮೀಟರಿನದೂ ಇದೇ ಕತೆ. ಅಂಗಡಿ ಮೀಟರ್ 1000 ವೋಲ್ಟಿಗೆ ಮುಗಿಯಿತು. ಇಎಚ್‌ಟಿ ಅಳೆಯಲು ಬೇರೆಯೇ ಪ್ರೋಬ್ ಬೇಕು.

ಹುಡುಗ ವಾಚು, ಉಂಗುರ ತೆಗೆದಿಟ್ಟ. ಕಾಲಲ್ಲಿ ಒಣ ರಬ್ಬರ್ ಚಪ್ಪಲಿ. ಕ್ಲಿಪ್ ಮೊದಲು, ಮೂತಿ ಆಮೇಲೆ. ಇದನ್ನು ಮೂರು ಸಲ ಹೇಳಿಸಿದೆ. ಕ್ಲಿಪ್ ಹಾಕಬೇಕಾದದ್ದು ಟ್ಯೂಬಿನ ಬೆನ್ನಿನ ಮೇಲೆ ಸ್ಪ್ರಿಂಗಿನಿಂದ ಬಿಗಿದ ಹೆಣಿಗೆಯ ಬರಿ ತಂತಿಗೆ. ಕಪ್ಪು ಲೇಪವನ್ನು ಮುಟ್ಟಿಕೊಂಡಿರುವುದು ಅದೇ. ಎಲ್ಲೋ ಕಂಡ ತಗಡಿಗೆ ಸಿಕ್ಕಿಸಿದರೆ ಚಾರ್ಜ್ ಬೋರ್ಡಿನೊಳಗೆ ಸುತ್ತಿಕೊಂಡು ಹೋಗುತ್ತದೆ. ಹಾಗೆ ಮಾಡಿ ನಾನೊಮ್ಮೆ ಒಂದು ವಿಡಿಯೋ ಐಸಿ ಕಳೆದುಕೊಂಡಿದ್ದೇನೆ. ಗಿರಾಕಿಗೆ ಮಾತ್ರ ಅದು ಮೊದಲೇ ಹೋಗಿತ್ತು ಎಂದೆ. ಈಗ ಹೇಳಿಕೊಳ್ಳಬಹುದು, ಅಲ್ವಾ?

ಎಡಗೈ ಬೆನ್ನ ಹಿಂದೆ. ಬಲಗೈಯಲ್ಲಿ ಕಡ್ಡಿ. ರಬ್ಬರ್ ಬಟ್ಟಲಿನ ಅಂಚು ಎತ್ತಿ, ಮೂತಿಯನ್ನು ಗಾಜಿಗೆ ಸವರಿಕೊಂಡು ಒಳಗೆ ತೂರಿಸಿ, ನಡುವಿನ ಲೋಹದ ಕೊಂಡಿ ತಾಗುವವರೆಗೆ ಹೋದ. ತಾಗಿತು.

ಏನೂ ಆಗಲಿಲ್ಲ. ಸದ್ದಿಲ್ಲ, ಕಿಡಿಯಿಲ್ಲ.

“ಅಷ್ಟೇನಾ!” ಅಂದ. ಅವನ ಮುಖದಲ್ಲಿ ನಿರಾಸೆ. ಐದು ದಿನ ಸುಮ್ನೆ ಬಿದ್ದಿದ್ದ ಸೆಟ್ಟು, ಮಲೆನಾಡಿನ ಥಂಡಿ ಹವೆ, ಇದ್ದ ಚಾರ್ಜ್ ಸೋರಿ ಹೋಗಿರುತ್ತದೆ ಎಂದೆ. ಆದರೂ ಇನ್ನೆರಡು ಸಲ ಮುಟ್ಟಿಸಿದ. ಕೊಂಡಿ ಅದುಮಿ ಕ್ಯಾಪ್ ತೆಗೆದ. ಗಾಜಿನ ಗುಳಿಯಲ್ಲಿರುವ ಲೋಹದ ಬಿಂದುವಿಗೂ ಮೂತಿ ತಾಗಿಸಿದ. ಪಾಠದ ಪ್ರಕಾರ ಎಲ್ಲವೂ ಸರಿ. ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿರುವ ಸಣ್ಣ ಬೇಸ್ ಬೋರ್ಡನ್ನು ಅಲ್ಲಾಡಿಸದೆ ನೇರ ಹಿಂದಕ್ಕೆ ಎಳೆದು ಬಿಡಿಸಿದೆವು.

“ಈಗ ಭಯ ಇಲ್ಲ, ಮೇನ್ ಬೋರ್ಡ್ ಎತ್ತು” ಅಂದದ್ದು ನಾನೇ.

ಹನ್ನೊಂದು ಗಂಟೆ ಐದು ನಿಮಿಷ

ಅವನು ಎರಡೂ ಕೈಯಿಂದ ಹಿಡಿಯಲಿಲ್ಲ, ಅದೊಂದು ದೇವರ ದಯೆ. ಬಲಗೈ ಒಂದರಲ್ಲೇ ಬೋರ್ಡಿನ ಮೂಲೆ ಹಿಡಿದು ಓರೆಯಾಗಿ ಎತ್ತಿದ. ಹೆಬ್ಬೆಟ್ಟು ಮೇಲೆ, ಉಳಿದ ಬೆರಳು ಬೆಸುಗೆಯ ಕಡೆ. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ‘ಹ್ಹಾ’ ಅಂದ. ಬೋರ್ಡ್ ಬಿತ್ತು. ಕೈ ಹಿಂದಕ್ಕೆ ಚಿಮ್ಮಿ ಮೊಣಕೈ ಹಿಂದಿನ ಕಬ್ಬಿಣದ ರ‍್ಯಾಕಿಗೆ ಬಡಿಯಿತು. ಟ್ಯೂಬಿನ ಕುತ್ತಿಗೆ ಬೋರ್ಡು ಬಿದ್ದ ಜಾಗದಿಂದ ನಾಲ್ಕು ಬೆರಳು ದೂರ. ಅದು ಮುರಿದಿದ್ದರೆ ಬಟವಾಡೆಯ ಮಾನಿಟರಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ತೋರುಬೆರಳಿನಲ್ಲೂ ನಡುಬೆರಳಿನಲ್ಲೂ ಒಂದೊಂದು ಬಿಳಿ ಚುಕ್ಕೆ. ಸಾಸಿವೆ ಕಾಳಿಗಿಂತ ಸಣ್ಣದು, ಸುತ್ತ ಕೆಂಪು. ಮಾತಾಡುತ್ತಿದ್ದ, ಎದೆನೋವಿಲ್ಲ ಅಂದ. ಆದರೂ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದೆ. ಸರಿಯಿತ್ತು. ಮೊಣಕೈ ಮಾತ್ರ ಸಂಜೆಗೆ ಊದಿಕೊಂಡಿತು. ಅಕ್ಕನಿಗೆ ಫೋನ್ ಮಾಡಿ ಹೇಳಿದ್ದು ಶಾಕ್‌ಗಿಂತ ಕಷ್ಟದ ಕೆಲಸ.

ದಾರಿಯುದ್ದಕ್ಕೂ ಅವನದು ಒಂದೇ ಪ್ರಶ್ನೆ. “ಟ್ಯೂಬ್ ಚಾರ್ಜ್ ತೆಗೆದಿದ್ದೆವಲ್ಲ ಮಾವ, ಮತ್ತೆ ಹೇಗೆ ಹೊಡೀತು?” ಪಕ್ಕದ ಟೈಲರ್ ಅಂಗಡಿಯವರಿಂದ ಹಿಡಿದು ಎಲ್ಲರೂ ಟ್ಯೂಬೇ ಹೊಡೆದದ್ದು ಎಂದು ತೀರ್ಮಾನ ಮಾಡಿಯಾಗಿತ್ತು. 24 ಸಾವಿರ ವೋಲ್ಟ್ ಎಂಬ ಅಂಕಿಗೆ ಅಂಥ ಹೆಸರು. ನನಗೆ ಮಾತ್ರ ಹೊಟ್ಟೆಯೊಳಗೆ ಗೊತ್ತಾಗಿತ್ತು.

ವಾಪಸು ಬಂದು ಬೋರ್ಡಿನ ಫಿಲ್ಟರ್ ಕೆಪಾಸಿಟರಿನ ಎರಡು ಕಾಲಿಗೆ ಮೀಟರ್ ಇಟ್ಟೆ. ಕರೆಂಟು ಒಳಗೆ ಬರುವ ಜಾಗದಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಡಬ್ಬಿ ಇರುತ್ತಲ್ಲ, ಅದು. 220 ಮೈಕ್ರೋಫ್ಯಾರಡ್, 400 ವೋಲ್ಟಿನದು. ಹುಡುಗನ ಬೆರಳು ಒಂದಷ್ಟು ಚಾರ್ಜ್ ಇಳಿಸಿತ್ತು, ನಡುವೆ ಆಸ್ಪತ್ರೆಯಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಇಷ್ಟಾದ ಮೇಲೂ ಮೀಟರ್ ತೋರಿಸಿದ್ದು 160 ವೋಲ್ಟ್.

ಡಬ್ಬಿ ಯಾಕೆ ಖಾಲಿ ಆಗಿರಲಿಲ್ಲ

ನಮ್ಮ ಮನೆಯ 230 ವೋಲ್ಟನ್ನು ಡಯೋಡಿನಿಂದ ಡಿಸಿ ಮಾಡಿದರೆ ಈ ಡಬ್ಬಿಯಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಸೆಟ್ ಓಡುತ್ತಿದ್ದರೆ ತೊಂದರೆ ಇಲ್ಲ. ಪ್ಲಗ್ ಕಿತ್ತ ಕೂಡಲೇ ಪವರ್ ಸಪ್ಲೈ ಆ ಚಾರ್ಜನ್ನು ತಾನೇ ಕುಡಿದು ಖಾಲಿ ಮಾಡುತ್ತದೆ. ಓಡದ ಸೆಟ್ಟಿನಲ್ಲಿ ಕುಡಿಯುವವರು ಯಾರು? ತುಂಬಿದ್ದು ತುಂಬಿಯೇ ಇರುತ್ತದೆ. ನಾವು ಪರೀಕ್ಷೆ ಮಾಡೋಣ ಎಂದು ಪ್ಲಗ್ ಹಾಕಿದ ಎರಡು ಸೆಕೆಂಡಿನಲ್ಲಿ ಡಬ್ಬಿ ತುಂಬಿಕೊಂಡಿತ್ತು. ಅದೇ ಎರಡು ಸೆಕೆಂಡಿನಲ್ಲಿ ಟ್ಯೂಬಿಗೆ ಒಂದು ವೋಲ್ಟೂ ಹೋಗಿರಲಿಲ್ಲ, ಯಾಕೆಂದರೆ ಸೆಟ್ ಎದ್ದೇ ಇರಲಿಲ್ಲ. ನಾವು ಖಾಲಿ ಟ್ಯೂಬಿಗೆ ಅಷ್ಟೊಂದು ಪೂಜೆ ಮಾಡಿ, ತುಂಬಿದ ಡಬ್ಬಿಗೆ ಬರಿಗೈ ಇಟ್ಟೆವು.

ಇನ್ನೂ ವಿಚಿತ್ರ ಏನೆಂದರೆ, ಈ ಮಾನಿಟರಿನಲ್ಲಿ ಕೆಟ್ಟಿದ್ದ ಪಾರ್ಟೇ ಡಬ್ಬಿಯನ್ನು ಖಾಲಿ ಮಾಡಬೇಕಾಗಿದ್ದ ಪಾರ್ಟು. ಪವರ್ ಸಪ್ಲೈಯನ್ನು ನಡೆಸುವುದು ಅದರಲ್ಲಿದ್ದ ಯುಸಿ 3842 ಐಸಿ. ಅದು ಏಳಬೇಕಾದರೆ ಅದಕ್ಕೆ ಮೊದಲು 16 ವೋಲ್ಟ್ ಸಿಗಬೇಕು. ಆ ವೋಲ್ಟನ್ನು ಡಬ್ಬಿಯಿಂದ ತಂದುಕೊಡುವುದು 150 ಕಿಲೋ ಓಮಿನ ಒಂದು ಸ್ಟಾರ್ಟಿಂಗ್ ರೆಸಿಸ್ಟರ್. ಅದು ಓಪನ್ ಆಗಿತ್ತು, ಅಂದರೆ ಒಳಗೇ ಕಡಿದು ಹೋಗಿತ್ತು. ಐಸಿ ಏಳಲಿಲ್ಲ, ದೀಪ ಬರಲಿಲ್ಲ. ಪ್ಲಗ್ ಕಿತ್ತ ಮೇಲೆ ಡಬ್ಬಿಯ ಚಾರ್ಜ್ ಮೆಲ್ಲಗೆ ಇಳಿಯಲು ಇದ್ದ ದಾರಿಯೂ ಅದೇ. ಅದೂ ಮುಚ್ಚಿತು.

ಆ ರೆಸಿಸ್ಟರ್ ಸುಟ್ಟದ್ದಕ್ಕೂ ಕಾರಣ ಸಿಕ್ಕಿತು. 150 ಕಿಲೋ ಓಮಿನ ಮೇಲೆ 325 ವೋಲ್ಟ್ ಬಿದ್ದರೆ 0.7 ವ್ಯಾಟ್ ಬಿಸಿ ಹುಟ್ಟುತ್ತದೆ. ಅಲ್ಲಿ ಕೂತಿದ್ದದ್ದು ಅರ್ಧ ವ್ಯಾಟಿನದು. ಬೆಸುಗೆ ನೋಡಿದರೆ ಹಿಂದೆ ಯಾರೋ ಬದಲಾಯಿಸಿದ್ದು. ಕೈಗೆ ಸಿಕ್ಕಿದ್ದು ಹಾಕಿ ಕಳಿಸಿದ್ದಾರೆ.

ಹೊಸದು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಹುಡುಗ ದೂರ ಕೂತು ಬರೆದುಕೊಂಡ. ಕೆಟ್ಟ ರೆಸಿಸ್ಟರ್ ಹಾಗೇ ಇಟ್ಟು ಎರಡು ಸೆಕೆಂಡ್ ಪ್ಲಗ್ ಹಾಕಿ ಕಿತ್ತೆ. ಕೂಡಲೇ 318 ವೋಲ್ಟ್. ಇಪ್ಪತ್ತು ನಿಮಿಷ ಬಿಟ್ಟು ಮೀಟರ್ ಮುಟ್ಟಿಸಿದರೆ 290. ಬೆಳಿಗ್ಗೆ ಅವನ ಬೆರಳಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ.

ಅವನೇ ಲೆಕ್ಕ ಹಾಕಿದ. 290 ವೋಲ್ಟಿನಲ್ಲಿ 220 ಮೈಕ್ರೋಫ್ಯಾರಡ್ ಎಂದರೆ ಸುಮಾರು 9 ಜೂಲ್ ಶಕ್ತಿ. ಟ್ಯೂಬಿನ ಕೆಪಾಸಿಟಿ ಸುಮಾರು ಒಂದೂವರೆ ನ್ಯಾನೋಫ್ಯಾರಡ್ ಅಂತ ಹಿಡಿದರೆ, 24 ಸಾವಿರ ವೋಲ್ಟ್ ಪೂರ್ತಿ ತುಂಬಿದಾಗಲೂ ಅರ್ಧ ಜೂಲ್ ಇಲ್ಲ. ಡಬ್ಬಿಯಲ್ಲಿ ಇಪ್ಪತ್ತು ಪಟ್ಟು ಜಾಸ್ತಿ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಕಾಫಿ ತರಲು ಎದ್ದೆ.

ಹಾಗಂತ ಟ್ಯೂಬಿನ ಅರ್ಧ ಜೂಲ್ ಹಗುರ ಅಲ್ಲ. ಅದು ತಾಗಿದರೆ ಕೈ ನಮ್ಮ ಮಾತು ಕೇಳಲ್ಲ. ಅಷ್ಟು ಭಾರದ, ಒಳಗೆ ಗಾಳಿಯೇ ಇಲ್ಲದ ಗಾಜನ್ನು ಎತ್ತಿ ಹಿಡಿದಾಗ ಕೈ ಬಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೃದಯದ ತೊಂದರೆ ಇರುವವರಿಗಂತೂ ಅದರ ಸಹವಾಸವೇ ಬೇಡ.

ಎರಡು 82 ಕಿಲೋ ಓಮ್, ಒಂದೊಂದು ವ್ಯಾಟಿನ ರೆಸಿಸ್ಟರ್ ಸಾಲಾಗಿ ಹಾಕಿದೆ. ಬೆಸುಗೆ ಹಾಕುವ ಮೊದಲು ಡಬ್ಬಿ ಖಾಲಿ ಮಾಡಿದ್ದು ಬಲ್ಬಿನಿಂದ. ಹೋಲ್ಡರಿನಲ್ಲಿ 60 ವ್ಯಾಟಿನ ಹಳೇ ಬುರುಡೆ ಬಲ್ಬು, ಎರಡು ವೈರು, ತುದಿಯಲ್ಲಿ ಹಿಡಿಯಿರುವ ಪ್ರೋಬು. ಡಬ್ಬಿಯ ಕಾಲಿಗೆ ತಾಗಿಸಿದರೆ ಬಲ್ಬ್ ಒಮ್ಮೆ ಪಳಕ್ ಅಂದು ಆರುತ್ತದೆ. ಚಾರ್ಜ್ ಇತ್ತು, ಹೋಯಿತು, ಎರಡೂ ಕಣ್ಣಿಗೆ ಕಾಣುತ್ತದೆ. ಬಲ್ಬ್ ಸರಿ ಇದೆಯಾ ಎಂದು ಮೊದಲು ನೋಡಿಕೊಂಡಿರಬೇಕು ಅಷ್ಟೇ. ತಂತಿ ಹರಿದ ಬಲ್ಬೂ ಉರಿಯಲ್ಲ, ಖಾಲಿ ಡಬ್ಬಿಗೂ ಬಲ್ಬ್ ಉರಿಯಲ್ಲ. ಬಲ್ಬ್ ಬೇಡ ಎಂದರೆ 2.2 ಕಿಲೋ ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಮೂರು ಸೆಕೆಂಡ್ ಹಿಡಿದರೆ ಸಾಕು. ಯಾವುದೇ ಆಗಲಿ, ಕೊನೆಗೆ ಮೀಟರ್ ಇಟ್ಟು ಸೊನ್ನೆ ನೋಡಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಢಂ ಅನ್ನಿಸುವವರು ಇದ್ದಾರೆ. ತುದಿ ಕರಗುತ್ತದೆ, ಬೋರ್ಡಿನ ತಾಮ್ರ ಏಳುತ್ತದೆ, ಕಣ್ಣಿಗೆ ಕಿಡಿ.

‘ಸ್‌ಸ್’ ಸದ್ದಿನ ಬಾಕಿ

ಮಾನಿಟರ್ ಎದ್ದಿತು. ಹಸಿರು ದೀಪ ಬಂತು. ಹತ್ತು ನಿಮಿಷಕ್ಕೆ ರೈಟರ್ ಹೇಳಿದ್ದ ಸದ್ದೂ ಬಂತು. ಅಂಗಡಿ ದೀಪ ಆರಿಸಿ ದೂರದಿಂದ ನೋಡಿದೆವು. ರಬ್ಬರ್ ಬಟ್ಟಲಿನ ಅಂಚಿನಲ್ಲಿ ನೀಲಿ ಹೊಗೆಯ ಹಾಗೆ ಬೆಳಕು, ಮೂಗಿಗೆ ಓಜೋನಿನ ಚುರುಕು ವಾಸನೆ. ತೋಟದ ಆಫೀಸಿನ ಧೂಳು ಮಳೆಗಾಲದ ತೇವ ಕುಡಿದು ಗಾಜಿನ ಮೇಲೆ ಪದರ ಕಟ್ಟಿತ್ತು. 24 ಸಾವಿರ ವೋಲ್ಟ್ ಅದರ ಮೇಲೆ ತೆವಳುತ್ತಿತ್ತು.

ಆಫ್ ಮಾಡಿ ಪ್ಲಗ್ ಕಿತ್ತು ಎರಡು ನಿಮಿಷಕ್ಕೆ ಮತ್ತೆ ಅದೇ ಕೆಲಸ. ಈ ಸಲ ಕಡ್ಡಿ ಹಿಡಿದದ್ದು ನಾನು, ಅವನ ಮೊಣಕೈಗೆ ಬ್ಯಾಂಡೇಜಿತ್ತು. ಮೂತಿ ಕೊಂಡಿಗೆ ಇನ್ನೂ ತಾಗಿರಲಿಲ್ಲ, ಒಂದೆರಡು ಮಿಲಿಮೀಟರ್ ಇರುವಾಗಲೇ ‘ಚಟ್’ ಅಂತು. ಈ ಟ್ಯೂಬಿನಲ್ಲಿ ಚಾರ್ಜ್ ನಿಲ್ಲುತ್ತದೆ ಎಂದು ಗೊತ್ತಾಯಿತು. ಐದು ಸೆಕೆಂಡ್ ಹಾಗೇ ಹಿಡಿದು ಬಿಟ್ಟೆ.

ಕ್ಯಾಪ್ ತೆಗೆದು, ಹತ್ತು ನಿಮಿಷ ಮಾತಾಡುತ್ತ ಕೂತೆವು. ಆಮೇಲೆ ಅವನಿಗೆ ತೋರಿಸೋಣ ಎಂದು ಗಾಜಿನ ಗುಳಿಗೆ ಇನ್ನೊಮ್ಮೆ ಮೂತಿ ಒಯ್ದೆ. ಮತ್ತೆ ಒಂದು ಸಣ್ಣ ‘ಟಿಕ್’. ಪ್ಲಗ್ ಇಲ್ಲ, ಕೆಂಪು ವೈರೂ ಇಲ್ಲ, ಆದರೂ. ಗೋಣಿಚೀಲ ಹಿಂಡಿ ನೇತು ಹಾಕಿದ ಮೇಲೂ ಸ್ವಲ್ಪ ಹೊತ್ತಿಗೆ ತುದಿಯಲ್ಲಿ ಮತ್ತೆ ನೀರು ಸೇರುತ್ತಲ್ಲ, ಹಾಗೆ. ಗಾಜು ತನ್ನೊಳಗೆ ಎಳೆದುಕೊಂಡಿದ್ದ ಚಾರ್ಜನ್ನು ನಿಧಾನಕ್ಕೆ ಲೇಪಕ್ಕೆ ವಾಪಸು ಕೊಡುತ್ತದೆ. ಅದಕ್ಕೇ ಒಂದು ಸಲ ಇಳಿಸಿದರೆ ಸಾಲದು. ಕ್ಯಾಪ್ ಬಿಚ್ಚಿದ ಟ್ಯೂಬಿಗೆ ಗುಳಿಯಿಂದ ಹೆಣಿಗೆ ತಂತಿಗೆ ಒಂದು ಕ್ಲಿಪ್ ವೈರ್ ಹಾಕಿಯೇ ಬಿಡಬೇಕು. ಕೆಲಸ ಮುಗಿದು ಕ್ಯಾಪ್ ಕೂರಿಸುವ ಮುಂಚೆ ಅದನ್ನು ತೆಗೆಯಲು ಮರೆಯಬಾರದು, ಅದು ಬೇರೆ ಮಾತು.

ಗುಳಿಯ ಸುತ್ತಲಿನ ಗಾಜನ್ನೂ ರಬ್ಬರಿನ ಒಳಗನ್ನೂ ಸ್ಪಿರಿಟ್ ಹಾಕಿದ ಹತ್ತಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಕಪ್ಪು ಲೇಪದ ಅಂಚನ್ನು ಮುಟ್ಟಲಿಲ್ಲ, ಅದನ್ನು ಕೆರೆದರೆ ಕೆಪಾಸಿಟರಿನ ಒಂದು ಬದಿಯನ್ನೇ ಕೆರೆದ ಹಾಗೆ. ಸ್ಪಿರಿಟ್ ಪೂರ್ತಿ ಆರಲು ಇಡೀ ರಾತ್ರಿ ಬಿಟ್ಟೆ. ಆ ಥಂಡಿಯಲ್ಲಿ ಅವಸರ ಮಾಡಲು ಧೈರ್ಯ ಸಾಲಲಿಲ್ಲ. ಶುಕ್ರವಾರ ಬೆಳಿಗ್ಗೆ ಕ್ಯಾಪಿನ ಅಂಚಿಗೆ ತೆಳ್ಳಗೆ ಸಿಲಿಕಾನ್ ಗ್ರೀಸ್ ಹಚ್ಚಿ ಕೂರಿಸಿದೆವು. ಮೂರು ಗಂಟೆ ಓಡಿಸಿದೆ. ಸದ್ದಿಲ್ಲ, ನೀಲಿ ಬೆಳಕಿಲ್ಲ. ಆಫ್ ಮಾಡಿ ಎರಡು ನಿಮಿಷಕ್ಕೆ ಡಬ್ಬಿಯ ಮೇಲೆ ಮೀಟರ್ ಇಟ್ಟರೆ 9 ವೋಲ್ಟ್.

ನನ್ನ ಬೆಂಚಿನಲ್ಲಿ ಆವತ್ತಿನಿಂದ ಸರದಿ ಬದಲಾಗಿದೆ. ಮೊದಲು ಡಬ್ಬಿ, ಆಮೇಲೆ ಟ್ಯೂಬ್. ಸತ್ತ ಸೆಟ್ ಆದರೆ ಡಬ್ಬಿಗೆ ಎರಡು ಸಲ. ಹಿಂದಿನ ಕೋಣೆಯಲ್ಲಿ ಬಿದ್ದಿದ್ದ ಆರು ಹಳೇ ಟ್ಯೂಬಿಗೂ ಹುಡುಗ ಕೂತು ಒಂದೊಂದು ವೈರ್ ಕಟ್ಟಿದ. ಗುಜರಿಯವರು ಅವನ್ನು ಕೇಳುತ್ತಲೇ ಇರುತ್ತಾರೆ, ಕೊಟ್ಟಿಲ್ಲ. ತಾಮ್ರದ ಸುರುಳಿಗಾಗಿ ಕುತ್ತಿಗೆ ಒಡೆಯುತ್ತಾರೆ. ಆ ಹಿಂಬದಿ ಗಾಜಿನಲ್ಲಿ ಸೀಸ ಇದೆ, ಅದು ಯಾರದೋ ಹಿತ್ತಲ ಮಣ್ಣಿಗೆ ಸೇರುತ್ತದೆ. ನೋಂದಣಿ ಇರುವ ಇ-ತ್ಯಾಜ್ಯದವರು ಬಂದಾಗ ಒಟ್ಟಿಗೆ ಕೊಡಬೇಕು.

ಶುಕ್ರವಾರ ಸಂಜೆ ರೈಟರ್ ಬಂದರು. ಹುಡುಗನ ಬ್ಯಾಂಡೇಜ್ ನೋಡಿ “ಇದರಿಂದಲಾ?” ಎಂದು ಮಾನಿಟರ್ ಕಡೆ ಗದ್ದ ಎತ್ತಿದರು. ಅವನು ಹೌದೆಂದ. ಅವರು ಒಂದು ಹೆಜ್ಜೆ ಹಿಂದೆ ಸರಿದು, ನೀವೇ ಎತ್ತಿ ಇಡಿ ಎಂದರು. ಮತ್ತೆ ಪ್ಲಾಸ್ಟಿಕ್ ಶೀಟು, ಗೋಣಿಚೀಲ, ಹಗ್ಗ. ಭಾರ ಎಲ್ಲ ಪರದೆಯ ಕಡೆ ಇರುವುದರಿಂದ ಪರದೆಯನ್ನು ಸೀಟಿನ ಬೆನ್ನಿಗೆ ಒರಗಿಸಿ ಕಟ್ಟಿದೆವು. ಮಳೆ ಇನ್ನೂ ಬಿಟ್ಟಿರಲಿಲ್ಲ.